ಮೊದಲು ಬೆಂಡೆ ಬಿಡಿಸು

ಚಿವಂಬಾ ಹಳ್ಳಿ, ಡೋವಾ
22 ಫೆಬ್ರವರಿ 1987

ಮಾವನವರಿಗೆ ಎನೆಲೆಸಿಯ ನಮಸ್ಕಾರ.

ಅವ್ವನಿಗೆ ಮಂಡಿನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ನಿಮ್ಮ ಹೊಗೆಸೊಪ್ಪಿನ ಮೊದಲ ಕೊಯ್ಲು ಮುಗಿಯಿತು. ನೀವು ಹೇಳಿ ಕಳಿಸಿದಂತೆ ಈ ವರ್ಷವೂ ಹೊಲದ ಗುಡಿಸಲಲ್ಲಿ ಹಾಕದೆ ನಮ್ಮ ಅಡುಗೆಮನೆಯ ಗಳಗಳಿಗೇ ತೂಗುಹಾಕಿ, ಕೆಳಗೆ ಹಸಿಕಟ್ಟಿಗೆಯ ಬೆಂಕಿ ಇಟ್ಟಿದ್ದೇವೆ. ಹೊಗೆ ಆರದಂತೆ ನೋಡಿಕೊಳ್ಳುತ್ತಿದ್ದೇನೆ. ಸೊಪ್ಪು ನಿಮ್ಮದೆಂದು ಯಾರಿಗೂ ಬಾಯಿಬಿಟ್ಟಿಲ್ಲ.

ಬರೆಯುತ್ತಿರುವುದು ನನ್ನ ಫಲೆಸಿಯ ವಿಷಯಕ್ಕೆ. ಮಗುವಿಗೆ ಮತ್ತೆ ಕೆಮ್ಮು ಹಿಡಿದಿದೆ. ಇದು ಮೂರನೆಯ ವರ್ಷ. ಫೆಬ್ರವರಿಯ ಮಳೆಗಾಲದಲ್ಲಿ ಹಿಡಿದರೆ ಬಿಡುವುದು ಜುಲೈ ಚಳಿಗಾಲಕ್ಕೆ. ಮಲಗಿದರೆ ಎದೆಯೊಳಗೆ ಯಾರೋ ಹುಲ್ಲು ಮುರಿಯುವ ಸದ್ದು. ನಿನ್ನೆ ಕೆಮ್ಮಿ ಕೆಮ್ಮಿ ತಿಂದದ್ದನ್ನೆಲ್ಲ ಕಕ್ಕಿಕೊಂಡಳು. ಮಿಶನ್ ಆಸ್ಪತ್ರೆಗೆ ಒಯ್ಯೋಣವೆಂದು ಬಟೋನಿ ಸೈಕಲ್ಲಿಗೆ ಗಾಳಿ ಹೊಡೆದು ನಿಲ್ಲಿಸಿದ. ಅವ್ವ ಬಾಗಿಲಿಗೆ ಅಡ್ಡ ಕೂತಳು. "ನನ್ ತಮ್ಮನ್ ಮಾತಿಲ್ದೆ ಮಗು ಹೊಸಿಲು ದಾಟೋ ಹಂಗಿಲ್ಲ. ದಾರೀಲಿ ಹೆಚ್ಚುಕಮ್ಮಿ ಆದ್ರೆ ಯಾರ್ ಉತ್ತರ ಕೊಡ್ತಾರೆ, ನಿನ್ ಗಂಡನಾ? ಅವನು ಮನೆಅಳಿಯ. ಹೊರಗಿನೋನು."

ಅವಳು ಹೇಳುವುದು ಸರಿಯೇ. ಅವ್ವನ ತಮ್ಮನೆಂದು ನಮ್ಮ ಮನೆಯ ಮಕ್ಕಳ ಸಾವುಬದುಕಿಗೆ ನೀವೇ ಹೊಣೆ. ಅದಕ್ಕೆ ಕೇಳುತ್ತಿದ್ದೇನೆ. "ಆಸ್ಪತ್ರೆಗೆ ಕರೆದುಕೊಂಡು ಹೋಗು" ಎಂದು ಒಂದು ಸಾಲು ಬರೆದು ಕಳಿಸಿ. ಅಷ್ಟು ಸಾಕು.

ಫಲೆಸಿ ನಿಮಗೆ ಹೇಳು ಅಂದಳು: ಬರುವಾಗ ತಿನ್ನಲು ಕಡ್ಡಿಗೆ ಚುಚ್ಚಿದ ಒಣ ಇಲಿ ತರಬೇಕಂತೆ. ಒಂದು ಕಡ್ಡಿ ಸಾಲದಂತೆ, ಎರಡು.

ನಿಮ್ಮ ಸೊಸೆ
ಎನೆಲೆಸಿ


ಮ್ಸಂಗು, ಸಲಿಮಾ
8 ಮಾರ್ಚ್ 1987

ಎನೆಲೆಸಿ ಮಗಳೇ,

ನಿನ್ನ ಕಾಗದವನ್ನು ಬಸ್ಸಿನ ಕಂಡಕ್ಟರ್ ತಂದುಕೊಟ್ಟಾಗ ನಾನು ಹತ್ತು ಜನರ ನಡುವೆ ಕುಳಿತು ಒಂದು ಜಮೀನಿನ ತಕರಾರು ಬಿಡಿಸುತ್ತಿದ್ದೆ. ನನ್ನ ಹೆಂಡತಿಯ ಕಡೆಯವರು ಈಗ ನನ್ನನ್ನು ಕೇಳದೆ ಒಂದು ಕೋಳಿಯನ್ನೂ ಕೊಯ್ಯುವುದಿಲ್ಲ. ಮನೆಅಳಿಯ ಎಂದು ಬಂದವನು ಈ ಮಟ್ಟಕ್ಕೆ ಏರಿದ್ದು ಸಲಿಮಾ ಸೀಮೆಯಲ್ಲೇ ಮೊದಲು ಎನ್ನುತ್ತಾರೆ. ಓದಿನ ಬಲ, ಮತ್ತೇನು? ಬೇರೆಯವರು ನಾಲ್ಕನೆಯ ತರಗತಿಯನ್ನು ಒಂದೇ ವರ್ಷ ಓದಿದರು. ನಾನು ಎರಡು ವರ್ಷ ಓದಿದೆ.

ಕೆಮ್ಮಿಗೆ ಆಸ್ಪತ್ರೆಯೇ! ಸೂಜಿ ಹಿಡಿದ ಹುಡುಗಿಯರು ನಮ್ಮ ಮಗುವನ್ನು ಬಗ್ಗಿಸಿ ನೋಡುವುದಕ್ಕೆ ನಾನೇನು ಸತ್ತಿದ್ದೇನೆಯೇ? ಕೆಮ್ಮು ಹುಟ್ಟುವುದು ತಟ್ಟೆಯಲ್ಲಿ. ನೀನೇ ಲೆಕ್ಕ ಹಾಕು. ಕೆಮ್ಮು ಬರುವುದು ಯಾವಾಗ? ಮಳೆಗಾಲದಲ್ಲಿ. ಬೆಂಡೆ ಬರುವುದು ಯಾವಾಗ? ಮಳೆಗಾಲದಲ್ಲಿ. ಬೆಂಡೆಯನ್ನು ಬೇಯಿಸಿ ಸೌಟಿನಲ್ಲಿ ಎತ್ತಿ ನೋಡು, ಲೋಳೆ ಹೇಗೆ ಇಳಿಯುತ್ತದೆ? ಈಗ ಮಗುವಿನ ಮೂಗು ನೋಡು, ಹೇಗೆ ಇಳಿಯುತ್ತದೆ? ಡಾಕ್ಟರು ಏಳು ವರ್ಷ ಓದಿ ಕಂಡುಹಿಡಿಯುವುದನ್ನು ನಾನು ಸೌಟು ಹಿಡಿದು ಕಂಡುಹಿಡಿದೆ. ಮೊದಲು ಬೆಂಡೆ ಬಿಡಿಸು.

ಸೀಬೆ ಎಲೆ ಒಂದು ಹಿಡಿ, ನೀಲಗಿರಿ ಎಲೆ ಒಂದು ಹಿಡಿ ಕುದಿಸಿ, ಮಗುವನ್ನು ಕಂಬಳಿಯೊಳಗೆ ಮುಚ್ಚಿ ಆವಿ ಕುಡಿಸು. ಹೊರಗೆ ಬರಲು ಒದ್ದಾಡಿದರೆ ನಿನ್ನ ಗಂಡನನ್ನು ಕಂಬಳಿಯ ಅಂಚಿನ ಮೇಲೆ ಕೂರಿಸು. ಅವನ ಭಾರಕ್ಕೆ ಅದೊಂದು ಕೆಲಸವಾದರೂ ಆಗಲಿ. ನಿಂಬೆಹಣ್ಣನ್ನು ಕೆಂಡದಲ್ಲಿ ಸುಟ್ಟು ಹಿಂಡಿ ಕೊಡು. ಎದೆಗೆ ಆಡಿನ ಕೊಬ್ಬು ತಿಕ್ಕು. ಹದಿನೈದು ದಿನಕ್ಕೆ ಮಗು ಕುಣಿಯದಿದ್ದರೆ ನನ್ನ ಹೆಸರು ಲಾಕ್ಸೋನಿ ಅಲ್ಲ.

ಸೊಪ್ಪು ಹುಷಾರು. ಕೆಳಗಿನ ಬೆಂಕಿ ಆರಿದರೆ ಬೂಷ್ಟು ಬರುತ್ತದೆ. ಇಲ್ಲಿಯವರಿಗೆ ಸುಳಿವು ಸಿಗಬಾರದು. ಸಿಕ್ಕರೆ ಮನೆಅಳಿಯನ ಬೆಳೆ ಹೆಂಡತಿ ಮನೆಯ ಬೆಳೆ ಎಂದು ಕಸಿದುಕೊಳ್ಳುತ್ತಾರೆ.

ಫಲೆಸಿಗೆ ಹೇಳು, ಇಲಿ ಎರಡು ಕಡ್ಡಿಯಲ್ಲ, ಐದು ಕಡ್ಡಿ.

ಸಲಿಮಾ ಸೀಮೆಗೆಲ್ಲ ಗೊತ್ತಿರುವ
ಲಾಕ್ಸೋನಿ ಮಾವ


ಚಿವಂಬಾ
25 ಮಾರ್ಚ್ 1987

ಮಾವನವರಿಗೆ,

ಬೆಂಡೆ ಬಿಡಿಸಿದೆವು. ಆವಿ ಕೊಟ್ಟೆವು. ನಿಂಬೆ, ಕೊಬ್ಬು ಎರಡೂ ಆಯಿತು. ಬಟೋನಿಯನ್ನು ಕಂಬಳಿಯ ಮೇಲೆ ಕೂರಿಸಲಿಲ್ಲ. ಅವನೂ ಮಗುವಿನ ಜೊತೆ ಕಂಬಳಿಯೊಳಗೆ ಹೊಕ್ಕು ಕಪ್ಪೆಯ ಹಾಗೆ ವಟಗುಟ್ಟಿ ನಗಿಸಿದ. ನಗುವುದಕ್ಕೆ ಹೋಗಿ ಮತ್ತೆ ಕೆಮ್ಮು ಬಂತು.

ಹದಿನೈದು ದಿನ ಮುಗಿಯಿತು. ಕೆಮ್ಮು ಹೋಗಿಲ್ಲ. ಈಗ ಸಂಜೆ ಮೈ ಬಿಸಿ ಬರುತ್ತದೆ.

ಒಂದು ಮಾತು ಕೇಳಬೇಕು, ಬೈಯಬೇಡಿ. ಫಲೆಸಿ ಮಲಗುವುದು ಅವ್ವನ ಜೊತೆ, ಅಡುಗೆಮನೆಯಲ್ಲಿ, ಸೊಪ್ಪಿನ ಕೆಳಗೆ. ಬೆಳಿಗ್ಗೆ ಅವಳ ಮೂಗು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಹೋದ ತಿಂಗಳು ಮೂರು ದಿನ ನನ್ನ ಗೆಳತಿಯ ಮನೆಯಲ್ಲಿ ಮಲಗಿದ್ದಳು, ಮೂರೂ ದಿನ ಕೆಮ್ಮಲಿಲ್ಲ. ಸೊಪ್ಪನ್ನು ಹೊಲದ ಗುಡಿಸಲಿಗೆ ಸಾಗಿಸಲೇ? ಬಟೋನಿ ಕಾವಲು ಮಲಗುತ್ತೇನೆ ಎನ್ನುತ್ತಾನೆ.

ಇಲ್ಲವಾದರೆ ಆಸ್ಪತ್ರೆಗೆ ಹೋಗಲು ನಿಮ್ಮ ಮಾತು ಕಳಿಸಿ. ಎರಡರಲ್ಲಿ ಒಂದು.

ಎನೆಲೆಸಿ


ಮ್ಸಂಗು
2 ಏಪ್ರಿಲ್ 1987

ಎನೆಲೆಸಿ ಮಗಳೇ,

ಹೊಗೆಯಿಂದ ಕೆಮ್ಮು ಬರುವುದಾದರೆ ನಮ್ಮಜ್ಜಿ ಎಂಬತ್ತು ವರ್ಷ ಒಲೆಯ ಮುಂದೆ ಕೂತು ಬದುಕಿದ್ದು ಹೇಗೆ? ನಾನು ಹುಟ್ಟಿದ್ದೇ ಅಡುಗೆಮನೆಯಲ್ಲಿ. ಗೆಳತಿಯ ಮನೆಯಲ್ಲಿ ಮಗು ಕೆಮ್ಮಲಿಲ್ಲವಂತೆ! ಪರರ ಮನೆಯಲ್ಲಿ ಮಕ್ಕಳು ನಾಚಿಕೆಯಿಂದ ಕೆಮ್ಮುವುದಿಲ್ಲ. ಇಷ್ಟೂ ತಿಳಿಯದೆ ಹೇಗೆ ಹೆತ್ತೆ?

ಗುಡಿಸಲಲ್ಲಿ ಕಾವಲು ಮಲಗುತ್ತಾನಂತೆ. ಹಂದಿಯನ್ನು ಗೆಣಸಿಗೆ ಕಾವಲಿಟ್ಟ ಹಾಗಾಯಿತು. ನಿನ್ನ ಮದುವೆಯ ದಿನ ನಾನು ಎದ್ದುನಿಂತು ಸತ್ಯವೇದದಿಂದ ಓದುತ್ತಿದ್ದಾಗ, ನೂರು ಜನರ ಮುಂದೆ, "ಮಾವಾ, ಒಂದ್ ಸಾಲು ಬಿಟ್ರಿ" ಎಂದವನು ಅವನೇ ತಾನೇ? ನಾನು ಮರೆತಿದ್ದೇನೆ. ಅಂಥ ಸಣ್ಣ ವಿಷಯ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ.

ಮತ್ತೆ ಆಲೋಚಿಸಿದೆ. ಬೆಂಡೆ ಒಂದೇ ಅಲ್ಲ. ಮೊಟ್ಟೆಯ ಬಿಳಿಯೂ ಲೋಳೆ. ಅದನ್ನು ನಿಲ್ಲಿಸು. ಏಪ್ರಿಲ್‌ನಲ್ಲಿ ಹೊಸ ಶೇಂಗಾ ಬರುತ್ತದೆ. ಶೇಂಗಾದ ಎಣ್ಣೆ ಎದೆಗೂಡಿನ ಒಳಗೋಡೆಗೆ ಅಂಟುತ್ತದೆ. ಕುಂಬಳಸೊಪ್ಪಿಗೆ ಶೇಂಗಾಪುಡಿ ಹಾಕಬೇಡ, ಬರಿಯ ಸೊಪ್ಪು ಬೇಯಿಸಿ ಕೊಡು. ಹಾಲಂತೂ ಬೇಡವೇ ಬೇಡ. ಮೆಕ್ಕೆಜೋಳದ ಮುದ್ದೆ, ಬಿಸಿನೀರು. ಇಷ್ಟೇ. ಮಗು ಅಳುತ್ತದೆ. ಅಳಲಿ, ಅತ್ತರೆ ಕಫ ಕರಗುತ್ತದೆ.

ಸೊಪ್ಪನ್ನು ಅಲುಗಿಸಬೇಡ. ಎಲೆ ಮುರಿದರೆ ಅದು ಸೊಪ್ಪಲ್ಲ, ಕಸ.

ಮೇಲೆ ಮಸಿ ಚೆಲ್ಲಿರುವುದಕ್ಕೆ ಏನೂ ಅಂದುಕೊಳ್ಳಬೇಡ. ಬರೆಯುವಾಗ ಸ್ವಲ್ಪ ಗಂಟಲು ಕೆರೆಯಿತು. ಇಲ್ಲಿ ಭಾಷಣ ಜಾಸ್ತಿ.

ಲಾಕ್ಸೋನಿ ಮಾವ


ಚಿವಂಬಾ
3 ಮೇ 1987

ಮಾವನವರಿಗೆ,

ನಡೆದದ್ದನ್ನು ನಾನೇ ಬರೆಯುತ್ತೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ.

ಮೊಟ್ಟೆ, ಶೇಂಗಾ, ಹಾಲು ಎಲ್ಲ ಬಿಡಿಸಿದೆವು. ಹೊಲದಲ್ಲಿ ಎಲ್ಲರೂ ಶೇಂಗಾ ಕೀಳುವಾಗ ಫಲೆಸಿ ಬದುವಿನ ಮೇಲೆ ಕೂತು ಸಿಪ್ಪೆ ಆರಿಸಿ ನೆಕ್ಕುತ್ತಿದ್ದಳು. ಅವ್ವ ನೋಡಿ ಕೈಮೇಲೆ ಹೊಡೆದಳು, "ನಿಮ್ ತಾತ ಬೇಡ ಅಂದವ್ರೆ." ಈಸ್ಟರಿನ ಮಾರನೆಯ ದಿನ ಮಗುವಿನ ತುಟಿ ನೀಲಿಯಾಯಿತು. ಬಟೋನಿ ಯಾರನ್ನೂ ಕೇಳಲಿಲ್ಲ. ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿ, ನನ್ನ ಬಟ್ಟೆಯಿಂದ ತನ್ನ ಬೆನ್ನಿಗೆ ಕಟ್ಟಿಕೊಂಡು ಹೊರಟೇಬಿಟ್ಟ. ಅವ್ವ ಅವನ ಹಿಂದೆ ಓಡಿ ಮಣ್ಣು ಎರಚಿದಳು.

ನಾನೂ ಹಿಂದೆಯೇ ನಡೆದು ಹೋದೆ. ಹತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಶ್ವಾಸನಾಳ ಬಾತು ಬಾತು ಹಳೆಯ ಗಾಯದಂತಾಗಿದೆ ಎಂದರು. ಔಷಧಿ ಕೊಟ್ಟರು. ದಿನಾ ಒಂದು ಮೊಟ್ಟೆ, ಶೇಂಗಾ ಹಾಕಿದ ಗಂಜಿ. ಐದನೆಯ ದಿನಕ್ಕೆ ಎದ್ದು ಪಕ್ಕದ ಮಂಚದ ಮುದುಕಿಯ ಊರುಗೋಲು ಬಚ್ಚಿಟ್ಟು ಬೈಸಿಕೊಂಡಳು. ಅಷ್ಟು ಚೆನ್ನಾಗಿದ್ದಳು.

ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಮಗು ಬಟ್ಟೆ ಎಲ್ಲಾ ಹೊಗೆಸೊಪ್ಪಿನ ವಾಸ್ನೆ. ಎಲ್ಲಿ ಮಲಗ್ತಾಳೆ?"

ಹೇಳಿದೆ.

"ಸೊಪ್ಪು ಇಳ್ಸು. ಇಲ್ಲಾ ಮಗೂನ ಬೇರೆ ಕಡೆ ಮಲಗ್ಸು. ನಾನ್ ಕೊಡೋ ಔಷ್ದಿ ಆ ಹೊಗೆ ಮುಂದೆ ನಿಲ್ಲಲ್ಲ. ಊಟ ಬಿಡ್ಸಿದ್ ಯಾರು?"

"ನಮ್ಮ್ ಮಾವ."

"ಡಾಕ್ಟ್ರಾ?"

ನಾನು ಮಗುವಿನ ಬಟ್ಟೆ ಮಡಿಸತೊಡಗಿದೆ.

ಮನೆಗೆ ಬಂದು ಮೂರು ದಿನವಾಯಿತು. ಕೆಮ್ಮು ಮತ್ತೆ ಶುರುವಾಗಿದೆ. ಸೊಪ್ಪು ಇಳಿಸಲು ಅವ್ವ ಬಿಡುತ್ತಿಲ್ಲ, ಮಗುವನ್ನು ನಮ್ಮ ಹತ್ತಿರ ಮಲಗಿಸಲೂ ಬಿಡುತ್ತಿಲ್ಲ. ಎಲ್ಲಕ್ಕೂ ನಿಮ್ಮ ಮಾತು ಬೇಕಂತೆ. ನೀವೇ ಒಮ್ಮೆ ಬಂದು ನೋಡಿ. ಬಸ್ಸಿಗೆ ಅರ್ಧ ದಿನ.

ಎನೆಲೆಸಿ


ಮ್ಸಂಗು
7 ಮೇ 1987

ಎನೆಲೆಸಿ,

ನಿನ್ನ ಕಾಗದ ಓದಿ ಅದೇ ದಿನ ಕೂತು ಬರೆಯುತ್ತಿದ್ದೇನೆ.

ಮಾವ ಬದುಕಿರುವಾಗ ಮನೆಅಳಿಯನೊಬ್ಬ ನಮ್ಮ ಮಗುವನ್ನು ಚೀಲದ ಹಾಗೆ ಬೆನ್ನಿಗೆ ಕಟ್ಟಿಕೊಂಡು ಹೋದ. ನರ್ಸಮ್ಮ "ಡಾಕ್ಟ್ರಾ" ಎಂದು ಕೇಳಿದಳು. ನೀನು ಬಟ್ಟೆ ಮಡಿಸುತ್ತಾ ನಿಂತೆ. ಸರಿ.

ಈಗ ನನಗೆ ನಿಜವಾದ ಕಾರಣ ಹೊಳೆಯಿತು. ಇಷ್ಟು ದಿನ ಮಗುವಿನ ತಟ್ಟೆ ನೋಡಿದೆ, ತಟ್ಟೆಗೆ ಉಪ್ಪು ಹಾಕುವ ಕೈ ನೋಡಲಿಲ್ಲ. ನಿನಗೆ ಗೊತ್ತಿಲ್ಲದ್ದೇನಲ್ಲ. ಹೆಂಡತಿಯಾದವಳು ತಿಂಗಳ ದಿನಗಳಲ್ಲಿ ಪಲ್ಯಕ್ಕೆ ಉಪ್ಪು ಮುಟ್ಟಿಸುವುದಿಲ್ಲ. ಗಂಡನಾದವನು ಹೊರಗೆ ಇನ್ನೊಬ್ಬಳ ಹತ್ತಿರ ಹೋಗಿ ಮೈ ಬಿಸಿ ಮಾಡಿಕೊಂಡು ಬಂದು ಮನೆಯ ಉಪ್ಪಿಗೆ ಕೈಯಿಟ್ಟರೆ, ಅದೇ ಗಡಿಗೆಯಿಂದ ಉಣ್ಣುವ ತಣ್ಣನೆಯ ಮೈಯ ಮಗು ಕೆಮ್ಮುತ್ತದೆ, ಒಣಗುತ್ತದೆ. ಫಲೆಸಿಗೆ ಬಂದಿರುವುದು ಉಪ್ಪಿನ ಕೆಮ್ಮು.

ಬಟೋನಿ ಸಂತೆಗೆಂದು ಸೈಕಲ್ ಹತ್ತಿ ತಿಂಗಳಿಗೆ ಎಷ್ಟು ಸಲ ಹೋಗುತ್ತಾನೆ? ಎಲ್ಲಿ ಇಳಿಯುತ್ತಾನೆ? ಸೈಕಲ್ಲಿಗೆ ಬಾಯಿಲ್ಲ, ನನಗಿದೆ. ಸಾಕ್ಷಿ ಕೇಳಬೇಡ. ಮಗು ಕೆಮ್ಮುತ್ತಿರುವುದೇ ಸಾಕ್ಷಿ.

ಈ ಕಾಗದವನ್ನು ಊರ ಹಿರಿಯರ ಮುಂದೆ ನೀನೇ ಓದು. ನಿನ್ನ ಮದುವೆಗೆ ಮಾತು ಕೊಟ್ಟವನು ನಾನು, ಹಿಂತೆಗೆದುಕೊಳ್ಳುವವನೂ ನಾನು. ಅವನು ತನ್ನ ಗುದ್ದಲಿ, ತನ್ನ ಸೈಕಲ್ಲು ತೆಗೆದುಕೊಂಡು ತನ್ನ ತಾಯಿಯ ಊರಿಗೆ ಹೋಗಲಿ. ಮಗು ನಮ್ಮದು, ನಮ್ಮಲ್ಲೇ ಇರುತ್ತದೆ. ನಾನು ಬಂದು ಬೇರು ಅರೆದು ಹಾಕಿದ ಉಪ್ಪನ್ನು ನಾಲಿಗೆಗೆ ಮುಟ್ಟಿಸುವವರೆಗೆ ಫಲೆಸಿಗೆ ಉಪ್ಪಿಲ್ಲದ ಊಟ. ಅಲ್ಲಿಯವರೆಗೆ ಅವಳು ಅಜ್ಜಿಯ ಪಕ್ಕವೇ ಮಲಗಬೇಕು. ಆ ಬಿಸಿ ಮೈಯವನು ಮಲಗಿದ ಕೋಣೆಗೆ ಸೇರಿಸಬಾರದು.

ಯಾವಾಗ ಬರುತ್ತೇನೆ ಎಂದು ಕೇಳಬೇಡ. ಇಲ್ಲಿ ನನ್ನನ್ನು ಬಿಟ್ಟುಕೊಡುವುದಿಲ್ಲ.

ನಿನ್ನ ತಾಯಿಯ ಒಡಹುಟ್ಟಿದವನು
ಲಾಕ್ಸೋನಿ


ಚಿವಂಬಾ
28 ಮೇ 1987

ಮಾವನವರಿಗೆ,

ಓದಿದೆ. ಬಟೋನಿ ಹೋದ.

ಹಿರಿಯರು ಅವನನ್ನು ಕೇಳಿದರು, "ಏನಪ್ಪಾ, ಹೇಳೋದೇನಾದ್ರೂ ಇದ್ಯಾ?" ಅವನು ನನ್ನ ಕಡೆ ತಿರುಗಿ, "ಆ ಕಾಗ್ದದಲ್ಲಿ ಒಂದ್ ಸಾಲು ಬಿಟ್ರು. ಸೊಪ್ಪಿನ್ ಸಾಲು" ಅಂದ. ಯಾರಿಗೂ ಅರ್ಥವಾಗಲಿಲ್ಲ. ನನಗಾಯಿತು. ಸೊಪ್ಪು ನಿಮ್ಮದೆಂದು ನಾನು ಆಗಲೂ ಬಾಯಿಬಿಡಲಿಲ್ಲ. ಹೋಗುವಾಗ ಸೈಕಲ್ಲಿನ ಗಂಟೆ ಬಿಚ್ಚಿ ಫಲೆಸಿಯ ಕೈಗೆ ಕೊಟ್ಟ.

ಈಗ ಚಳಿಗಾಲ. ಬೆಟ್ಟದ ಮೇಲೆ ಮೋಡ ಕೂತು ಮೂರು ದಿನದಿಂದ ತುಂತುರು. ಮಗು ಉಪ್ಪಿಲ್ಲದ ಮುದ್ದೆ ಬಾಯಿಗಿಟ್ಟು ತೆಗೆಯುತ್ತಾಳೆ. ಎತ್ತಿಕೊಂಡರೆ ಶೇಂಗಾದ ಒಣ ಬಳ್ಳಿ ಎತ್ತಿದ ಹಾಗಿದೆ. ಮಾತಾಡಲು ಉಸಿರು ಸಾಲುವುದಿಲ್ಲ. ಏನಾದರೂ ಬೇಕಾದರೆ ಗಂಟೆ ಬಾರಿಸುತ್ತಾಳೆ.

ನಾನೊಬ್ಬಳೇ ಹೊತ್ತುಕೊಂಡು ಹೊರಟೆ. ಮೂಲೆಮನೆ ದಾಟುವಷ್ಟರಲ್ಲಿ ಹಿರಿಯರು ತಿರುಗಿಸಿ ಕಳಿಸಿದರು. ಒಂದು ಸಲ ನಿಮ್ಮ ಮಾತು ಮೀರಿದ್ದಕ್ಕೇ ಹೀಗಾಗಿದೆಯಂತೆ.

ಒಂದು ಸಾಲು ಬರೆಯಿರಿ ಮಾವ. ಕಾಲಿಗೆ ಬೀಳುತ್ತೇನೆ. ನೀವು ಬರುವುದು ಬೇಡ. ನಿಮಗೆ ಯಾಕೆ ಬರಲಾಗುವುದಿಲ್ಲ ಎಂದು ಕಂಡಕ್ಟರ್ ಹೇಳಿದ. ನಾನು ಯಾರಿಗೂ ಹೇಳುವುದಿಲ್ಲ.

ಎನೆಲೆಸಿ


ಮ್ಸಂಗು
20 ಜೂನ್ 1987

ಎನೆಲೆಸಿ ಮಗಳೇ,

ತಡವಾಯಿತು. ಕಾರಣ ಕೇಳಿದರೆ ನಗುತ್ತೀಯ. ಊರಿಗೆಲ್ಲ ಮಾಡು ಹೊದಿಸುವ ಕಾಲ ಇದು. ನನ್ನ ಮೇಲ್ವಿಚಾರಣೆ ಇಲ್ಲದಿದ್ದರೆ ಒಂದು ಹುಲ್ಲುಕಟ್ಟೂ ನೆಟ್ಟಗೆ ಕೂರುವುದಿಲ್ಲ. ಕಂಡಕ್ಟರ್ ಏನು ಹೇಳಿದ? ನಾನು ಹುಲ್ಲು ಹೊರುತ್ತೇನೆ ಎಂದನೇ? ಹೊರುವುದು ಹೇಗೆಂದು ಹುಡುಗರಿಗೆ ತೋರಿಸುತ್ತಿದ್ದೆ. ಅಡುಗೆಮನೆಯ ಹಿಂದೆ ಕೂತು ಉಣ್ಣುತ್ತೇನೆ ಎಂದನೇ? ಅಲ್ಲಿ ನೆರಳಿದೆ. ಅವನ ಬಸ್ಸಿಗೆ ನಾನು ಇನ್ನು ಹತ್ತುವುದಿಲ್ಲ, ನಷ್ಟ ಅವನಿಗೆ.

ಬಟೋನಿ ಹೋದದ್ದು ಒಳ್ಳೆಯದಾಯಿತು. ಈಗ ನೋಡು, ಮಗು ತನ್ನಷ್ಟಕ್ಕೆ ತಾನೇ ಚಿಗುರುತ್ತದೆ. ಸಾಲು ಬಿಟ್ಟರಂತೆ! ಇನ್ನೂ ಬುದ್ಧಿ ಬಂದಿಲ್ಲ ಅವನಿಗೆ.

ಸೊಪ್ಪು ಇಷ್ಟರಲ್ಲಿ ಹದಕ್ಕೆ ಬಂದಿರಬೇಕು. ಬಣ್ಣ ಹೇಗಿದೆ? ಒಣಗಿದ ರಕ್ತದ ಬಣ್ಣ ಬಂದಿದ್ದರೆ ಇಳಿಸಬಹುದು. ಇಳಿಸಿ, ಕಟ್ಟು ಕಟ್ಟಿ, ಚಾಪೆ ಸುತ್ತಿಡು. ಅದಾದ ಮೇಲೆ ಬಿಡುವಾದರೆ ಮಗುವನ್ನು ಬೇಕಾದರೆ ಆಸ್ಪತ್ರೆಗೂ ಒಯ್ಯಿ, ನನ್ನದೇನೂ ಅಡ್ಡಿಯಿಲ್ಲ. ಇದೋ, ಕಾಗದದ ಮೇಲೆ ಮಾತು ಕೊಟ್ಟೆ. ನಾನು ಕಲ್ಲು ಹೃದಯದವನಲ್ಲ ಎಂದು ನಿನ್ನವ್ವನಿಗೆ ತೋರಿಸು.

ಇಲಿ ಏಳು ಕಡ್ಡಿ ಕೂಡಿಟ್ಟಿದ್ದೇನೆ. ಕೊಬ್ಬಿದ ಇಲಿಗಳು.

ಲಾಕ್ಸೋನಿ ಮಾವ


ಚಿವಂಬಾ
5 ಜುಲೈ 1987

ಮಾವನವರಿಗೆ,

ನಿಮ್ಮ ಜೂನ್ ಇಪ್ಪತ್ತರ ಕಾಗದ ತಲುಪಿತು.

ಸೊಪ್ಪು ಇಳಿಸಿದೆ. ನೀವು ಹೇಳಿದ ಬಣ್ಣವೇ ಬಂದಿದೆ. ಕಟ್ಟು ಕಟ್ಟಿ ಚಾಪೆ ಸುತ್ತಿದ್ದೇನೆ.

ಫಲೆಸಿ ಈಗ ಕೆಮ್ಮುವುದಿಲ್ಲ. ಜೂನ್ ಹದಿನಾಲ್ಕರಿಂದ ಒಂದು ಸಲವೂ ಕೆಮ್ಮಿಲ್ಲ. ಬೆಂಡೆ ಕೊಟ್ಟಿಲ್ಲ, ಮೊಟ್ಟೆ ಕೊಟ್ಟಿಲ್ಲ, ಶೇಂಗಾ ಕೊಟ್ಟಿಲ್ಲ, ಉಪ್ಪು ಮುಟ್ಟಿಸಿಲ್ಲ. ನಿಮ್ಮ ಮಾತು ಒಂದೂ ಮೀರಿಲ್ಲ.

ಅವ್ವ ಈಗ ಹೆಚ್ಚು ಮಾತಾಡುವುದಿಲ್ಲ.

ಎನೆಲೆಸಿ


ಮ್ಸಂಗು
16 ಜುಲೈ 1987

ನನ್ನ ಮುದ್ದಿನ ಎನೆಲೆಸಿ,

ಹೇಳಿದೆನೋ ಇಲ್ಲವೋ! ಹೇಳಿದೆನೋ ಇಲ್ಲವೋ!

ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದು ಈ ಊರಿನ ಮನೆಮನೆಗೂ ಹೋದೆ. ನನ್ನ ಹೆಂಡತಿಯ ಸೋದರಮಾವ, ಆ ಯೋತಾಮು ಮುದುಕ, ಹದಿನಾಲ್ಕು ವರ್ಷದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವನಲ್ಲ. "ಏಯ್ ಅಳಿಯ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅವನ ಮುಂದೆ ಜೋರಾಗಿ ಓದಿದೆ: ಹದಿನಾಲ್ಕರಿಂದ ಒಂದು ಸಲವೂ ಕೆಮ್ಮಿಲ್ಲ! ಮುದುಕ ಬೊಚ್ಚುಬಾಯಿ ತೆರೆದುಕೊಂಡು ಕೂತುಬಿಟ್ಟ. "ಹಂಗಾರೆ ನಮ್ಮ್ ಮೊಮ್ಮಗೂನೂ ವಸಿ ನೋಡಪ್ಪಾ ಲಾಕ್ಸೋನಿ" ಅಂದ. ಲಾಕ್ಸೋನಿ ಅಂದ! ನಾನು ತಕ್ಷಣ ಒಪ್ಪಿಕೊಳ್ಳಲಿಲ್ಲ, ಸ್ವಲ್ಪ ಕಾಯಿಸಿದೆ. ಈಗ ಮೂರು ಮಕ್ಕಳಿಗೆ ಬೆಂಡೆ, ಮೊಟ್ಟೆ ಬಿಡಿಸಿದ್ದೇನೆ. ಒಬ್ಬನಿಗೆ ಉಪ್ಪನ್ನೂ.

ಮನೆಯ ಮುಂದಿನ ಜಾಗದಲ್ಲಿ ಕೂರಿಸಿ ಊಟ ಬಡಿಸಿದರು ಕಣೇ. ಕೋಳಿಯ ತೊಡೆ.

ಈಗ ಒಂದು ಕೆಲಸ ಮಾಡು. ಜನ ಕಣ್ಣಿಂದ ನೋಡಬೇಕು ಎನ್ನುತ್ತಾರೆ. ಫಲೆಸಿಯನ್ನು ಬಸ್ಸಿಗೆ ಹತ್ತಿಸಿ ಕಳಿಸು. ಒಂದು ವಾರ ಇಟ್ಟುಕೊಂಡು ಎಲ್ಲರಿಗೂ ತೋರಿಸಿ ಕಳಿಸುತ್ತೇನೆ. ಚೆನ್ನಾಗಿ ತಲೆ ಬಾಚಿ ಕಳಿಸು. ಯಾರಾದರೂ ಕೇಳಿದರೆ "ನಮ್ಮ ತಾತ ವಾಸಿ ಮಾಡಿದರು" ಎನ್ನಬೇಕೆಂದು ಬಾಯಿಪಾಠ ಮಾಡಿಸು. ಇಲಿ ಹತ್ತು ಕಡ್ಡಿಯಾಯಿತು.

ವೈದ್ಯ ಲಾಕ್ಸೋನಿ


ಚಿವಂಬಾ
9 ಆಗಸ್ಟ್ 1987

ಮಾವನವರಿಗೆ,

ಫಲೆಸಿಯನ್ನು ಕಳಿಸಲು ಆಗುವುದಿಲ್ಲ. ಜೂನ್ ಹದಿನಾಲ್ಕರ ಭಾನುವಾರ, ಚರ್ಚಿಗೆ ಹೋದವರು ತಿರುಗಿ ಬರುವ ಹೊತ್ತಿಗೆ ಅವಳು ಸತ್ತಳು. ನೀವು ಅಪ್ಪಣೆ ಬರೆಯುವುದಕ್ಕೆ ಆರು ದಿನ ಮುಂಚೆ. ನನ್ನ ಜುಲೈ ಕಾಗದವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಸುಳ್ಳು ಒಂದೂ ಇಲ್ಲ.

ಸೊಪ್ಪಿನ ಕೆಳಗೇ ಹೋದಳು. ಕೊನೆಯಲ್ಲಿ ಗಂಟೆ ಬಾರಿಸಲು ಬೆರಳಿಗೆ ಬಲವಿರಲಿಲ್ಲ. ನಾನೇ ಅವಳ ಬೆರಳು ಹಿಡಿದು ಬಾರಿಸಿದೆ. ಏನು ಬೇಕು ಎಂದು ಕೇಳಿದೆ. ಉಪ್ಪು ಅಂದಳು. ಅವ್ವ ನನ್ನ ಕೈ ಹಿಡಿದುಕೊಂಡಳು. ಕೊಡಲಿಲ್ಲ.

ಹಿರಿಯರು, "ಮಾವ ಎಲ್ಲಿ? ಮಾವ ಇಲ್ದೆ ಮಣ್ಣು ಹೆಂಗ್ ಹಾಕೋದು?" ಎಂದರು. "ಮಾವ ಬಂದಿಲ್ಲ, ಮಾವನ ಮಾತು ಬಂದಿದೆ" ಎಂದೆ. ಗುಂಡಿಯ ಪಕ್ಕ ನಿಂತು ನಿಮ್ಮ ಮಾರ್ಚ್ ತಿಂಗಳ ಕಾಗದ ಓದಿದೆ. ಪೂರ್ತಿ ಓದಿದೆ, ಒಂದು ಸಾಲೂ ಬಿಡಲಿಲ್ಲ. ಬೆಂಡೆಯ ಲೋಳೆಯ ಜಾಗ ಬಂದಾಗ ಹಿಂದೆ ನಿಂತ ಯಾರೋ ತಡೆಯಲಾರದೆ ನಕ್ಕುಬಿಟ್ಟರು. ಸೊಪ್ಪಿನ ಜಾಗ ಬಂದಾಗ ಯಾರೂ ನಗಲಿಲ್ಲ. ಬಟೋನಿ ಸೈಕಲ್ ಹಿಡಿದು ದೂರದ ಮರದ ಹತ್ತಿರ ನಿಂತಿದ್ದ. ಹತ್ತಿರ ಬರಲು ಬಿಡಲಿಲ್ಲ, ಹೊರಗಿನವನು.

ನಿಮಗೆ ತಿಳಿಸಬಾರದೆಂದು ಕಂಡಕ್ಟರನಿಗೆ ನಾನೇ ಹೇಳಿದ್ದೆ. ನೀವು ನನ್ನ ಕಾಗದವನ್ನು ಮನೆಮನೆಗೆ ಒಯ್ದು ಓದುತ್ತೀರಿ ಎಂದು ನನಗೆ ಗೊತ್ತಿತ್ತು. ನೀವು ಎಂಥವರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಬೇರೆ ಮಕ್ಕಳ ಊಟ ಬಿಡಿಸುತ್ತೀರಿ ಎಂದು ನಾನು ಎಣಿಸಿರಲಿಲ್ಲ. ಅದಕ್ಕೆ ಯೋತಾಮು ತಾತನಿಗೂ ಇಂದೇ ಒಂದು ಕಾಗದ ಬರೆದಿದ್ದೇನೆ. ಫಲೆಸಿ ಹೇಗೆ ವಾಸಿಯಾದಳು ಎಂದು ಬರೆದಿದ್ದೇನೆ. ಅದರ ಜೊತೆ ಎತ್ತಿನಗಾಡಿಯಲ್ಲಿ ನಿಮ್ಮ ಸೊಪ್ಪು ಬರುತ್ತಿದೆ. ಹನ್ನೊಂದು ಕಟ್ಟು. ಇದು ನಿಮ್ಮ ಮನೆಅಳಿಯನ ಬೆಳೆ, ಮೂರು ವರ್ಷದಿಂದ ನಮ್ಮಲ್ಲಿ ಬಚ್ಚಿಡುತ್ತಿದ್ದಾರೆ, ನಿಮ್ಮದನ್ನು ನಿಮಗೆ ಒಪ್ಪಿಸಿದ್ದೇವೆ ಎಂದೂ ಬರೆದಿದ್ದೇನೆ.

ಎಲೆ ಒಂದೂ ಮುರಿದಿಲ್ಲ.

ಎನೆಲೆಸಿ


ಮ್ಸಂಗು
13 ಸೆಪ್ಟೆಂಬರ್ 1987

ಎನೆಲೆಸಿ ತಾಯಿ,

ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಕೂಡಿಸಿಕೊಂಡು ಓದು.

ನನಗೆ ಗೊತ್ತಿರಲಿಲ್ಲ. ಅಷ್ಟಾಗಿದೆ ಎಂದು ನೀನು ಸರಿಯಾಗಿ ಬರೆದಿರಲಿಲ್ಲ. ಇಲ್ಲ, ಬರೆದಿದ್ದೆ. ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ತುಟಿ ನೀಲಿ ಎಂದು ಬರೆದಿದ್ದೀಯ.

ಗಾಡಿ ಬಂದ ದಿನ ಇಡೀ ಊರು ಸೇರಿತ್ತು. ಯೋತಾಮು ಚಾಪೆ ಬಿಚ್ಚಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಪರ್ವಾಗಿಲ್ವೇ, ಒಳ್ಳೇ ಹದ" ಎಂದ. ಕೊಳ್ಳುವವರು ಈ ವರ್ಷದ ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ. ಬರುವ ಏಪ್ರಿಲ್‌ವರೆಗೆ ಇಡಬೇಕು. ಕೆರೆಯಂಚಿನ ಊರು, ತೇವಕ್ಕೆ ಬೂಷ್ಟು ಹಿಡಿಯುತ್ತದೆ. "ಅಳಿಯನ್ ಗುಡಿಸ್ಲಲ್ಲಿ ತೂಗಾಕಿ. ಅವನ್ದೇ ಬೆಳೆ, ಅವನ್ ತಲೆಮೇಲೇ ಇರ್ಲಿ. ಕೆಳಗಡೆ ಹೊಗೆ ಆರಿದ್ರೆ ಊಟ ಇಲ್ಲ" ಎಂದ. ಹೆಂಡತಿ ತನ್ನ ತಾಯಿಯ ಕೋಣೆಗೆ ಹೋಗಿ ಮಲಗುತ್ತಾಳೆ. ಬೆಂಕಿ ನೋಡಿಕೊಂಡು ನಾನೊಬ್ಬನೇ ಮಲಗುತ್ತೇನೆ.

ನನಗೆ ಮಳೆಗಾಲದಿಂದಲೇ ಕೆಮ್ಮಿತ್ತು. ನಿನಗೆ ಬರೆಯಲಿಲ್ಲ. ಈಗ ಹೆಚ್ಚಾಗಿದೆ. ಎಡಗಡೆ ಮಲಗಲಾಗುವುದಿಲ್ಲ. ಕಫದಲ್ಲಿ ರಕ್ತದ ಎಳೆ ಕಾಣುತ್ತದೆ. ಸೀಬೆ ಎಲೆಯ ಆವಿ ತೆಗೆದುಕೊಂಡೆ. ನಿಂಬೆ ಸುಟ್ಟು ಕುಡಿದೆ. ಏನೂ ಆಗುವುದಿಲ್ಲ, ತಾಯಿ. ಅದರಿಂದ ಏನೂ ಆಗುವುದಿಲ್ಲ.

ಆಸ್ಪತ್ರೆಗೆ ಕಳಿಸಿ ಎಂದು ಯೋತಾಮುವಿನ ಕಾಲು ಹಿಡಿದೆ. "ನಿನ್ ಕಡೆಯವ್ರ ಮಾತ್ ತರಿಸ್ಕೊ. ದಾರೀಲಿ ಸತ್ರೆ ನಾವ್ ಯಾಕ್ ಉತ್ತರ ಕೊಡ್ಬೇಕು?" ಎನ್ನುತ್ತಾನೆ. ನನ್ನ ಮೇಲೆ ಮಾವಂದಿರು ಯಾರೂ ಉಳಿದಿಲ್ಲ, ನಾನೇ ಹಿರಿಯ. ಅಕ್ಕನಿಗೆ ಬರೆಯಲು ಬಾರದು. ನಮ್ಮ ಕಡೆ ಅಕ್ಷರ ಗೊತ್ತಿರುವವಳು ನೀನೊಬ್ಬಳೇ.

ಒಂದು ಸಾಲು ಬರೆದು ಕಳಿಸು. "ಆಸ್ಪತ್ರೆಗೆ ಕರೆದುಕೊಂಡು ಹೋಗಿ." ಅಷ್ಟು ಸಾಕು.

ಇಲಿ ಹಾಗೇ ಇವೆ. ತಿನ್ನಲು ಮನಸ್ಸಾಗಲಿಲ್ಲ.

ಲಾಕ್ಸೋನಿ


ಚಿವಂಬಾ
27 ಸೆಪ್ಟೆಂಬರ್ 1987

ಮಾವನವರಿಗೆ ಎನೆಲೆಸಿಯ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಅವ್ವನಿಗೂ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಕೆಮ್ಮಿಗೆ ಆಸ್ಪತ್ರೆ ಯಾಕೆ ಮಾವ? ಕೆಮ್ಮು ಹುಟ್ಟುವುದು ತಟ್ಟೆಯಲ್ಲಿ. ಮೊದಲು ಬೆಂಡೆ ಬಿಡಿ. ಹದಿನೈದು ದಿನ ನೋಡಿ. ಆಮೇಲೆ ಮೊಟ್ಟೆ, ಶೇಂಗಾ. ಅದಕ್ಕೂ ಹೋಗದಿದ್ದರೆ ನನಗೆ ಬರೆಯಿರಿ, ಉಪ್ಪಿನ ವಿಚಾರ ಆಲೋಚಿಸೋಣ.

ಇಲ್ಲಿ ಹೊಸ ಮಳೆಗೆ ಹೊಲ ಹಸನು ಮಾಡುತ್ತಿದ್ದೇವೆ. ನನಗೆ ಬಿಡುವಿಲ್ಲ. ಬರುವ ಜೂನ್‌ನ ಚಳಿಗಾಲದ ಹೊತ್ತಿಗೆ ಉತ್ತರ ಬರೆಯುತ್ತೇನೆ.

ನಿಮ್ಮ ಸೊಸೆ
ಎನೆಲೆಸಿ